ನಾಲ್ಕು ಬೋರಿನ ಆಯಸ್ಸು

ಪಿಸ್ಟನ್ ಕೈಗೆ ಬರುವವರೆಗೆ ಇಂಜಿನ್ ಬ್ಲಾಕಿಗೆ ಉಳಿ ತಾಗಿಸಬಾರದು. ಸವೆದ ಸಿಲಿಂಡರನ್ನು ಮತ್ತೆ ಕೊರೆದುಕೊಡುವ ನಮ್ಮ ಕಡೆಯ ಬೋರಿಂಗ್ ಅಂಗಡಿಗಳಲ್ಲಿ ಇದು ಮೀರಲಾಗದ ಕಟ್ಟಳೆ. ಬ್ಲಾಕು ತಂದು ಇಳಿಸಿ, "ಬೋರ್ ಹೊಡೆದಿಟ್ಟಿರಿ, ಪಿಸ್ಟನ್ ನಾಳೆ ತರ್ತೀನಿ" ಎಂದವರಿಗೆ ಮೇಸ್ತ್ರಿ "ಹಾಗಾದ್ರೆ ಬ್ಲಾಕೂ ನಾಳೇನೇ ತನ್ನಿ" ಅನ್ನುತ್ತಿದ್ದರು. ಒಂದೇ ಡಬ್ಬದಲ್ಲಿ ಬಂದ ಪಿಸ್ಟನ್ನುಗಳಲ್ಲೂ ಕಣ್ಣಿಗೆ ಕಾಣದ ಹೆಚ್ಚುಕಮ್ಮಿ ಇರುತ್ತದೆ. ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಹಿಡಿದು ಅಳೆದು, ಇದು ಮೊದಲನೆಯ ಸಿಲಿಂಡರಿಗೆ, ಇದು ಮೂರನೆಯದಕ್ಕೆ ಎಂದು ಗುರುತು ಹಾಕಿ, ಆಯಾ ಪಿಸ್ಟನ್ನಿಗೆ ತಕ್ಕಂತೆ ಆಯಾ ಸಿಲಿಂಡರನ್ನು ಕೊರೆಯಬೇಕು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದರೆ ಬೀಡಿನ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಷ್ಟಕ್ಕೆ ಜಾಗ ಬಿಡದಿದ್ದರೆ ದಾರಿಯಲ್ಲೇ ಇಂಜಿನ್ ಸೀಜ್. ಜಾಸ್ತಿ ಬಿಟ್ಟರೆ ಬೆಳಗಿನ ತಣ್ಣನೆ ಇಂಜಿನ್ನಿನಲ್ಲಿ ಪಿಸ್ಟನ್ ಗೋಡೆಗೆ ತಟ್ಟುವ ಸದ್ದು. ಬೋರಿನ ಒಂದೊಂದು ಅಂಗುಲಕ್ಕೆ ಒಂದೊಂದು ಥೌ, ಅಂದರೆ ಅಂಗುಲದ ಸಾವಿರದ ಒಂದು ಪಾಲು ಸಡಿಲ ಎನ್ನುವುದು ಹಳಬರ ಲೆಕ್ಕ.

ಬೆಂಗಳೂರು ಗ್ರಾಮಾಂತರದಲ್ಲಿ ಈ ಅಂಗಡಿಗಳು ಬೇರೂರಿದ್ದಕ್ಕೆ ರಸ್ತೆಗಳೇ ಕಾರಣ. ನೆಲಮಂಗಲದಲ್ಲಿ ತುಮಕೂರು ರಸ್ತೆಯಿಂದ ಹಾಸನ, ಮಂಗಳೂರಿನ ದಾರಿ ಕವಲೊಡೆಯುತ್ತದೆ. ಹೊಸಕೋಟೆ ಕೋಲಾರದ ದಾರಿ, ದೇವನಹಳ್ಳಿ ಬಳ್ಳಾರಿಯ ದಾರಿ, ದೊಡ್ಡಬಳ್ಳಾಪುರ ಹಿಂದೂಪುರದ ದಾರಿ. ಲಾರಿಗಳು ನಿಂತಲ್ಲಿ ಗ್ಯಾರೇಜು, ಗ್ಯಾರೇಜಿನ ಪಕ್ಕದಲ್ಲಿ ಲೇತ್. ರಸ್ತೆಯಿಂದ ಒಳಗೆ ಹೋದರೆ ಬಾವಿಯ ದಂಡೆಯ ಮೇಲೆ ಡೀಸೆಲ್ ಇಂಜಿನ್. 80 ಮಿಲಿಮೀಟರ್ ಬೋರು, 110 ಮಿಲಿಮೀಟರ್ ಸ್ಟ್ರೋಕು, ನಿಮಿಷಕ್ಕೆ 1500 ಸುತ್ತು, 5 ಅಶ್ವಶಕ್ತಿಯ ಕಿರ್ಲೋಸ್ಕರ್. ಅದರ ಸದ್ದು ಕೇಳಿಯೇ ಯಾರ ತೋಟಕ್ಕೆ ನೀರು ಹರಿಯುತ್ತಿದೆ ಎಂದು ಊರಿನವರು ಹೇಳುತ್ತಿದ್ದರು. ಆಯಿಲ್ ಕುಡಿಯಲು ಶುರು ಮಾಡಿ ನೀಲಿ ಹೊಗೆ ಎದ್ದರೆ ಅದೂ ಗಾಡಿ ಹತ್ತಿ ಪೇಟೆಗೆ ಬರುತ್ತಿತ್ತು.

ಬ್ಲಾಕನ್ನು ತೊಳೆದು ಬೆಂಚಿನ ಮೇಲಿಟ್ಟ ಮೇಸ್ತ್ರಿ ಮೊದಲು ಗೇಜು ಹಿಡಿಯುತ್ತಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಸಿಲಿಂಡರಿನ ಬಾಯೊಳಗೆ ಇಳಿಸಿ ಮೇಲಕ್ಕೆ ಎಳೆಯುತ್ತಿದ್ದರು. ಉಗುರು ಒಂದು ಕಡೆ ತಡೆಯುತ್ತಿತ್ತು. ಪಿಸ್ಟನ್ ಮೇಲೇರಿ ಕ್ಷಣ ನಿಂತು ಹಿಂದಿರುಗುವ ಜಾಗದಲ್ಲಿ ಉರಿಯ ಒತ್ತಡ ರಿಂಗನ್ನು ಗೋಡೆಗೆ ಅದುಮುತ್ತದೆ, ಆಯಿಲ್ಲಿನ ಪದರವೂ ಅಲ್ಲೇ ತೆಳುವಾಗುತ್ತದೆ. ಹಾಗಾಗಿ ಸವೆತ ಅಲ್ಲಿ ಹೆಚ್ಚು. ಅದರ ಮೇಲೆ, ರಿಂಗು ಮುಟ್ಟದ ಕಡೆ, ಒಂದು ಏಣು ಉಳಿದುಬಿಡುತ್ತದೆ. ಏಣು ಎಷ್ಟು ಉಗುರಿಗೆ ಸಿಕ್ಕಿತೋ ಅದರ ಮೇಲೆ "ಇದು ಟ್ವೆಂಟಿಗೆ ಹೋಗುತ್ತೆ" ಎಂದು ಹೇಳಿ, ಆಮೇಲೆ ಬೋರ್ ಗೇಜು ಇಳಿಸುತ್ತಿದ್ದರು. ಮೇಲೆ, ನಡುವೆ, ಕೆಳಗೆ. ಕ್ರ್ಯಾಂಕಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆರು ಅಂಕಿ. ಉಗುರು ಹೇಳಿದ್ದನ್ನೇ ಗೇಜೂ ಹೇಳುವುದನ್ನು ನೋಡಿ ನಾನು ಬೆರಗಾಗಿದ್ದೇನೆ. ಇವತ್ತಿಗೂ ಆ ಬೆರಗು ಇಳಿದಿಲ್ಲ.

ಟ್ವೆಂಟಿ ಎಂದರೆ ಇಪ್ಪತ್ತು ಥೌ ಓವರ್‌ಸೈಜ್, ಸುಮಾರು ಅರ್ಧ ಮಿಲಿಮೀಟರ್. ಸ್ಟ್ಯಾಂಡರ್ಡ್ ಆದ ಮೇಲೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಬ್ಲಾಕು ಎರಕ ಹೊಯ್ದವನು ಇಷ್ಟು ಸಲ ಕೊರೆಯಲಿ ಎಂದೇ ಗೋಡೆಯನ್ನು ದಪ್ಪ ಬಿಟ್ಟಿರುತ್ತಿದ್ದ. ಪಿಸ್ಟನ್ ಮಾಡುವವನು ಅದೇ ಅಳತೆಗಳನ್ನು ತಲೆಯ ಮೇಲೆ ಒತ್ತಿ ಕಳಿಸುತ್ತಿದ್ದ. ನಲವತ್ತೂ ಮುಗಿಯಿತೆನ್ನಿ, ಆಗ ಬಾವಿಗೆ ಉಂಗುರ ಇಳಿಸುವ ಹಾಗೆ ಸಿಲಿಂಡರಿಗೆ ಹೊಸ ಸ್ಲೀವ್ ಇಳಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರುವುದು. ಅಪ್ಪ ಕೊಂಡ ಇಂಜಿನ್ ಮಗನ ಕಾಲಕ್ಕೂ ಓಡುತ್ತಿದ್ದದ್ದು ಹೀಗೆ.

ಪೇಟೆಯಲ್ಲಿ ಪಿಸ್ಟನ್ನೇ ಸಿಗದ ಇಂಜಿನ್ ಬಂದಾಗ ಮೇಸ್ತ್ರಿಯ ನಿಜವಾದ ವಿದ್ಯೆ ಹೊರಗೆ ಬರುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ 1961ರಿಂದ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಜಾವಾ, ಯೆಜ್ಡಿ ಇಟ್ಟುಕೊಂಡವರು ಮಾತ್ರ ಅವನ್ನು ಬಿಡಲಿಲ್ಲ. 65 ಮಿಲಿಮೀಟರ್ ಬೋರಿನ ಆ ಟೂ ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಅಟ್ಟದವರೆಗೂ ಹೋಗಬೇಕಾಗುತ್ತಿತ್ತು. ಸಿಗದಿದ್ದರೆ ಹೇಳಿ ಮಾಡಿಸುವುದು. ಅದು ಬರೀ ಬೋರಿನ ಅಳತೆ ಬರೆದುಕೊಟ್ಟರೆ ಆಗುವ ಕೆಲಸವಲ್ಲ. ಪಿನ್ನಿನ ದಪ್ಪ ಎಷ್ಟು, ಪಿನ್ನಿನ ನಡುವಿನಿಂದ ಪಿಸ್ಟನ್ನಿನ ತಲೆಗೆ ಎಷ್ಟು ಎತ್ತರ, ರಿಂಗು ಕೂರುವ ತೋಡು ಎಷ್ಟು ಅಗಲ, ಕೆಳಗಿನ ಕಿಟಕಿ ಎಲ್ಲಿ. ಟೂ ಸ್ಟ್ರೋಕಿನಲ್ಲಿ ರಿಂಗು ತಿರುಗದಂತೆ ತಡೆಯುವ ಸಣ್ಣ ಮೊಳೆಯ ಜಾಗವೂ ಬೇಕು. ಅದು ತಪ್ಪಿದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿಕೊಂಡು ಎಲ್ಲ ಪುಡಿ. ಎತ್ತರ ಹೆಚ್ಚಾದರೆ ಪಿಸ್ಟನ್ ಹೆಡ್ಡಿಗೆ ಹೊಡೆಯುತ್ತದೆ, ಕಡಿಮೆಯಾದರೆ ಗಾಡಿಗೆ ಎಳೆತವೇ ಇರುವುದಿಲ್ಲ.

ಅಲ್ಲೂ ಒಂದು ತೊಡಕಿತ್ತು. ಗೋಯೆಟ್ಜೆ ಪಿಸ್ಟನ್ ಕಾರ್ಖಾನೆ ಇರುವುದು ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯ ಯಲಹಂಕದಲ್ಲೇ. ಆದರೆ ಒಂದು ಪಿಸ್ಟನ್ನಿಗಾಗಿ ಯಾವ ಕಾರ್ಖಾನೆಯೂ ಅಚ್ಚು ಮಾಡುವುದಿಲ್ಲ. ಆಗ ಮೇಸ್ತ್ರಿ ಪಿನ್ನು, ಎತ್ತರ ಹೊಂದುವ ಬೇರೊಂದು ಇಂಜಿನ್ನಿನ ಪಿಸ್ಟನ್ನನ್ನು ನೆನಪಿನಿಂದಲೇ ಹುಡುಕುತ್ತಿದ್ದರು. ಅರೆ ತಯಾರಾದ ಪಿಸ್ಟನ್ ತಂದು ಲೇತಿಗೆ ಕಟ್ಟಿ ಇಳಿಸುತ್ತಿದ್ದರು. ಪಿಸ್ಟನ್ ನೋಡಲು ದುಂಡಗೆ, ನಿಜದಲ್ಲಿ ದುಂಡಗಿಲ್ಲ. ಪಿನ್ನಿನ ಕಡೆ ಲೋಹ ಹೆಚ್ಚು, ಹಿಗ್ಗುವುದೂ ಹೆಚ್ಚು. ಅದಕ್ಕೇ ಆ ಕಡೆ ತುಸು ಕಿರಿದಾಗಿ, ತಲೆಯ ಕಡೆಯೂ ಕಿರಿದಾಗಿ ಕಡೆಯಬೇಕು. ಕಾದ ಮೇಲೆ ಅದು ದುಂಡಗಾಗುತ್ತದೆ.

ಇಂಥ ಕೆಲಸ ಮಾಡುತ್ತಿದ್ದ ಲೇತುಗಳೂ ಈ ನಾಡಿನವೇ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್.ಎಂ.ಟಿ. ಹರಿಹರದ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಅದರ ಲೇತುಗಳು ಇನ್ನೂ ತಿರುಗುತ್ತಿವೆ, ತಿರುಗಿಸುವವರು ಕಡಿಮೆಯಾಗಿದ್ದಾರೆ.

ಬಾವಿ ಬತ್ತಿ ಕೊಳವೆಬಾವಿ ಬಂತು, ದಂಡೆಯ ಇಂಜಿನ್ ಹೋಗಿ ನೆಲದಾಳದ ಸಬ್‌ಮರ್ಸಿಬಲ್ ಬಂತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು, ರಸ್ತೆ ಬದಿಯ ಶೆಡ್ಡಿನ ಜಾಗಕ್ಕೆ ಚಿನ್ನದ ಬೆಲೆ ಬಂತು. ಕಾರುಗಳಲ್ಲಿ ಬೀಡಿನ ಬ್ಲಾಕು ಹೋಗಿ ತೆಳು ಲೈನರಿನ ಅಲ್ಯೂಮಿನಿಯಂ ಬ್ಲಾಕು ಬಂತು. ಹಲವಕ್ಕೆ ಓವರ್‌ಸೈಜ್ ಪಿಸ್ಟನ್ನೇ ಬರುವುದಿಲ್ಲ, ಕೆಟ್ಟರೆ ಇಡೀ ಬ್ಲಾಕನ್ನೇ ಬದಲಿಸು ಎನ್ನುತ್ತಾರೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಹೊಸ ಇಂಜಿನ್ ಹೆಚ್ಚು ಬಾಳುತ್ತದೆ, ಕಡಿಮೆ ಹೊಗೆ ಬಿಡುತ್ತದೆ. ಒಪ್ಪುತ್ತೇನೆ, ಹಳೆಯ ಲಾರಿಗಳ ಹೊಗೆಯನ್ನು ನಾನೂ ಕುಡಿದವನೇ. ಆದರೆ ಒಮ್ಮೆ ಸವೆದರೆ ಮತ್ತೆ ಕೊರೆಯುವ ಅವಕಾಶವೇ ಇಲ್ಲದಂತೆ ಬ್ಲಾಕು ಎರಕ ಹೊಯ್ಯುವುದನ್ನು ಮುನ್ನಡೆ ಎಂದು ನನ್ನಿಂದ ಕರೆಯಲಾಗದು.

ಈ ಕಸುಬಿನ ಕೊಂಡಿ ಇನ್ನೂ ಪೂರ್ತಿ ಕಳಚಿಲ್ಲ. ಟ್ರ್ಯಾಕ್ಟರ್, ಜನರೇಟರ್, ಹಳೆಯ ಬೈಕುಗಳು ಈಗಲೂ ಬರುತ್ತಿವೆ. ಬಾರದಿರುವುದು ಕಲಿಯುವ ಹುಡುಗರು. ಅಪ್ರೆಂಟಿಸ್ ಇಟ್ಟುಕೊಂಡವರಿಗೆ ಸರ್ಕಾರ ಸ್ಟೈಪೆಂಡಿನ ಪಾಲು ಕೊಡುತ್ತದೆ, ನಿಜ. ಆದರೆ ಅಪ್ರೆಂಟಿಸ್ ತೆಗೆದುಕೊಳ್ಳಲು ಸಂಸ್ಥೆಯಲ್ಲಿ ಕನಿಷ್ಠ ನಾಲ್ವರು ಕೆಲಸಗಾರರಿರಬೇಕು ಎನ್ನುತ್ತದೆ ನಿಯಮ. ಬೋರಿಂಗ್ ಅಂಗಡಿಯಲ್ಲಿರುವುದು ಒಬ್ಬ ಮೇಸ್ತ್ರಿ, ಹೆಚ್ಚೆಂದರೆ ಒಬ್ಬ ಸಹಾಯಕ. ಇಂಥ ಅಂಗಡಿಗಳಿಗೆ ಆ ನಿಯಮವನ್ನು ಸಡಿಲಿಸಿ. ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಹುಡುಗರನ್ನು, ಈ ಮೇಸ್ತ್ರಿಗಳು ಇನ್ನೂ ಅಂಗಡಿ ತೆರೆಯುತ್ತಿರುವಾಗಲೇ, ಅವರ ಬಳಿಗೆ ಕಳಿಸಿ.