ಪಾಯಿಂಟಿನ ಲೆಕ್ಕ, ಬಾಕ್ಸಿನ ಲೆಕ್ಕ

ದಾವಣಗೆರೆಯಲ್ಲಿ ಕೇಬಲ್ ಟಿವಿಯ ಮೊದಮೊದಲ ಒಪ್ಪಂದಗಳಿಗೆ ಕಾಗದವೇ ಇರಲಿಲ್ಲ. ರಸ್ತೆಯ ಬಲಬದಿ ನಿನಗೆ, ಎಡಬದಿ ಅವನಿಗೆ, ನಡುವಿನ ಕರೆಂಟ್ ಕಂಬವೇ ಗಡಿ. ವಿನೋಬನಗರ, ಕೆಟಿಜೆ ನಗರ, ನಿಟುವಳ್ಳಿ ಎಲ್ಲ ಹೀಗೇ ಬಾಯಿಮಾತಿನಲ್ಲಿ ಹಂಚಿಹೋದವು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ದೊಡ್ಡ ಶಹರಗಳ ಮಾಳಿಗೆಗಳ ಮೇಲೆ ಡಿಶ್ ಎದ್ದಿದ್ದವು. ನಮ್ಮ ಕಡೆ ಸಾಮಾನ್ಯರ ಮನೆಗೆ ವೈರ್ ಎಳೆಸಿದ್ದು ಯುದ್ಧವಲ್ಲ, 1994ರಲ್ಲಿ ಬಂದ ಉದಯ ಟಿವಿ. ಕನ್ನಡ ಸಿನಿಮಾ ಭಾನುವಾರಕ್ಕೆ ಕಾಯದೆ ಸಿಗುತ್ತದೆ ಎಂದಾದ ಮೇಲೆ ಹೆಂಗಸರೇ ಆಪರೇಟರನ್ನು ಹುಡುಕಿಕೊಂಡು ಬರತೊಡಗಿದರು.

ನಾನು ಆಗ ದಾವಣಗೆರೆ ಮತ್ತು ಹರಿಹರ ಎರಡೂ ಕಡೆ ಲೈನ್ ಇದ್ದ ಆಪರೇಟರೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದೆ. ಆಪರೇಟರ್ ಅಂದರೆ ದೊಡ್ಡ ಸಾಹುಕಾರರೇನಲ್ಲ. ರೇಡಿಯೊ ರಿಪೇರಿ ಅಂಗಡಿ, ಕ್ಯಾಸೆಟ್ ಲೈಬ್ರರಿ ಇಟ್ಟುಕೊಂಡಿದ್ದವರೇ ಏಣಿ ಹೊತ್ತು ಕಂಬ ಹತ್ತಿದ್ದು. 1995ರಲ್ಲಿ ಕೇಬಲ್ ಕಾಯ್ದೆ ಬಂದಾಗ ನೋಂದಣಿಗೆ ಹೋಗಬೇಕಾದದ್ದು ಹೆಡ್ ಪೋಸ್ಟ್ ಆಫೀಸಿಗೆ! ಕಾಗದ ಪತ್ರ ಕೊಡುವ ಕಿಟಕಿಯ ಪಕ್ಕದಲ್ಲೇ ಫಾರಂ ತುಂಬಿ, ಶುಲ್ಕ ಕಟ್ಟಿ, ವರ್ಷಕ್ಕೊಮ್ಮೆ ನವೀಕರಿಸಿಕೊಂಡರೆ ಸಾಕಿತ್ತು. ಊರಿನ ರಸ್ತೆಯ ಮೇಲೇ ವೈರ್ ಹಾಯ್ದರೂ ಊರಿನ ನಗರಸಭೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಕಾನೂನೂ ಹೇಳಲಿಲ್ಲ.

ಅಮೆರಿಕದಲ್ಲಿ ಇದು ಉಲ್ಟಾ. ಅಲ್ಲಿ ರಸ್ತೆ ಊರಿನದು, ಹಾಗಾಗಿ ಅನೇಕ ಕಡೆ ಕೇಬಲ್ ಕಂಪನಿ ಊರಿನ ಆಡಳಿತದ ಜೊತೆ ಕೂತು ಕರಾರು ಮಾಡಿಕೊಳ್ಳಬೇಕು. ಅಕ್ಕಪಕ್ಕದ ಸಣ್ಣ ಊರುಗಳು ಒಂದು ಕೂಟ ಕಟ್ಟಿಕೊಂಡು ಒಟ್ಟಿಗೇ ಚೌಕಾಸಿಗೆ ಕೂರುವುದೂ ಉಂಟು. 1984ರ ಅವರ ಕಾಯ್ದೆ ಪ್ರಕಾರ ಕೇಬಲ್ ಆದಾಯದಲ್ಲಿ ನೂರಕ್ಕೆ 5ರವರೆಗೆ ಊರಿಗೆ ಶುಲ್ಕ ಕೇಳಬಹುದು, ಊರಿನ ಕಾರ್ಯಕ್ರಮಕ್ಕೆಂದೇ ಚಾನೆಲ್ ಕೇಳಬಹುದು. ಹದಿನಾಲ್ಕು ಕಿಲೋಮೀಟರ್ ಅಂತರದ ದಾವಣಗೆರೆ, ಹರಿಹರ ಹೀಗೆ ಜೊತೆಯಾಗಿ ಕೂತಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮಲ್ಲಿ ಕೂತವರು ಬೇರೆಯವರು. ದೊಡ್ಡ ಕಂಪನಿಗಳು, ಅಂದರೆ ಎಂಎಸ್‌ಒಗಳು, ಒಂದು ದೊಡ್ಡ ಕಂಟ್ರೋಲ್ ರೂಮ್ ಮಾಡಿ ಸಣ್ಣವರಿಗೆ ಫೀಡ್ ಕೊಡತೊಡಗಿದ ಮೇಲೆ ಶುರುವಾಯಿತು ಪಾಯಿಂಟಿನ ಚೌಕಾಸಿ. ಎಷ್ಟು ಮನೆಗೆ ಕನೆಕ್ಷನ್ ಇದೆಯೋ ಅಷ್ಟಕ್ಕೆ ದುಡ್ಡು ಕೊಡಬೇಕು. ಆದರೆ ಎಣಿಸುವ ಯಂತ್ರ ಯಾರ ಹತ್ತಿರವೂ ಇರಲಿಲ್ಲ.

"ಇನ್ನೂರೈವತ್ತರ ಮ್ಯಾಲೆ ಒಂದು ಪಾಯಿಂಟೂ ಇಲ್ರಿ ಸಾರ್. ಅದ್ರಾಗೆ ನಲವತ್ತು ಮನೆಯೋರು ದುಡ್ಡೇ ಕೊಡಲ್ಲ."

"ಯಜಮಾನ್ರೇ, ಬೆಳಗ್ಗೇನೇ ಒಂದು ರೌಂಡ್ ಹೊಡ್ಕೊಂಡು ಬಂದಿದೀನಿ. ಕಂಬದ ಮೇಲಿನ ಟ್ಯಾಪ್ ಎಣಿಸಿದ್ರೇ ನಾನೂರು ದಾಟುತ್ತೆ."

"ಟ್ಯಾಪ್ ಇದ್ರೆ ಮನ್ಯಾಗೆ ಟಿವಿ ಇರಬೇಕಲ್ರೀ?"

ಮಿರ್ಚಿ ಮಂಡಕ್ಕಿ ಖಾಲಿಯಾಗುವ ಹೊತ್ತಿಗೆ ಲೆಕ್ಕ ಮುನ್ನೂರಕ್ಕೆ ನಿಲ್ಲುತ್ತಿತ್ತು. ಕಂಪನಿಯವರು ನಮ್ಮ ಮೇಲೆ ಸಿಟ್ಟಾದಂತೆ ನಟಿಸುತ್ತಿದ್ದರೇ ಹೊರತು, ಪೇ ಚಾನೆಲ್‌ನವರ ಮುಂದೆ ಅವರು ಆಡುತ್ತಿದ್ದದ್ದೂ ಇದೇ ಆಟ. ಮನರಂಜನಾ ತೆರಿಗೆಯವರಿಗೆ ಹೇಳುವ ಸಂಖ್ಯೆ ಇನ್ನೂ ಬೇರೆ. ಆ ಕಾಲದಲ್ಲಿ ಕೇಬಲ್ ದಂಧೆಯ ನಿಜವಾದ ಗಿರಾಕಿ ಸಂಖ್ಯೆ ಗೊತ್ತಿದ್ದದ್ದು ತಿಂಗಳಿಗೊಮ್ಮೆ ಬಾಗಿಲು ಬಡಿಯುವ ವಸೂಲಿ ಹುಡುಗನಿಗೆ ಮಾತ್ರ.

ಹರಿಹರದ ಕಷ್ಟ ಬೇರೆ ಥರದ್ದು. ತುಂಗಭದ್ರೆಯ ಈಚೆ ದಡದ ಕಂಬ ಬೆಸ್ಕಾಂನದು, ಆಚೆ ಕುಮಾರಪಟ್ಟಣ ಹಾವೇರಿ ಜಿಲ್ಲೆ, ಅಲ್ಲಿ ಹೆಸ್ಕಾಂ. ಹೊಳೆ ದಾಟಿ ವೈರ್ ಎಳೆದರೆ ಎರಡು ಕಚೇರಿಗೆ ಜವಾಬು ಕೊಡಬೇಕು. 2001ರ ಸುಮಾರಿಗೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದಾಗ ಕಾರ್ಮಿಕರ ಮನೆಗಳ ವಸೂಲಿ ಪುಸ್ತಕದಲ್ಲಿ ಬಾಕಿ ಬೆಳೆಯುತ್ತ ಹೋಯಿತು. ಎಷ್ಟೋ ಮನೆಗಳ ವೈರ್ ಕತ್ತರಿಸಲು ಹುಡುಗರಿಗೆ ಮನಸ್ಸು ಬರಲಿಲ್ಲ. ಕಂಪನಿಗೆ ಮಾತ್ರ ಒಪ್ಪಿದ ಪಾಯಿಂಟಿನಷ್ಟು ಕಟ್ಟಲೇಬೇಕಿತ್ತು.

ಪಾಯಿಂಟಿನ ಈ ಆಟ ನಿಲ್ಲಿಸಿದ್ದು ಸೆಟ್‌ಟಾಪ್ ಬಾಕ್ಸ್. ಡಿಜಿಟಲ್ ಕಡ್ಡಾಯ ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವಿನಲ್ಲಿ ಬಂತು. ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಹಳ್ಳಿಗಳಿಗೆ ಕೊನೆಗೆ 2017ರ ಮಾರ್ಚ್. ಹೀಗಾಗಿ ಹರಿಹರ ಪೇಟೆಗೆ ಒಂದು ಗಡುವು, ಅದೇ ತಾಲ್ಲೂಕಿನ ಸಾರಥಿ ಹಳ್ಳಿಗೆ ಇನ್ನೊಂದು. ವೈರ್ ಮಾತ್ರ ಒಂದೇ ಕಂಟ್ರೋಲ್ ರೂಮಿನದು. ಹಳ್ಳಿಗಳಲ್ಲಿ ಬಾಕ್ಸ್ ಕೊಳ್ಳಿ ಎಂದರೆ ಜನ ಸೂರಿನ ಮೇಲಿನ ದೂರದರ್ಶನದ ಫ್ರೀ ಡಿಶ್ ತೋರಿಸುತ್ತಿದ್ದರು. ತಿಂಗಳಿಗೆ ಒಂದು ಪೈಸೆ ಇಲ್ಲ, ನಿಮ್ಮದು ಯಾಕೆ ಬೇಕು? ಉತ್ತರ ನಮ್ಮ ಹತ್ತಿರ ಇರಲಿಲ್ಲ.

ಬಾಕ್ಸಿನ ಹಿಂದೆಯೇ ಅಚ್ಚಾದ ಒಪ್ಪಂದ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮಾದರಿ ಕರಾರು, ಪುಟಗಟ್ಟಲೆ ಇಂಗ್ಲಿಷ್. ಕಂಪನಿ, ಆಪರೇಟರ್ ತಮ್ಮಲ್ಲೇ ಮಾತಾಡಿ ಹಂಚಿಕೊಳ್ಳಬಹುದು, ಮಾತು ಮುರಿದರೆ ಕಂಪನಿಗೆ 55, ಆಪರೇಟರ್‌ಗೆ 45. ಮಾತು ಮುರಿಯಲಿ ಎಂದು ಯಾರು ಕಾಯುತ್ತಾರೆಂದು ಹೇಳಬೇಕಿಲ್ಲ. 2019ರ ಫೆಬ್ರವರಿಯಿಂದ ಹೊಸ ದರ ಜಾರಿಯಾಯಿತು: ಆಗ 100 ಚಾನೆಲ್‌ಗೆ ಗರಿಷ್ಠ 130 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಆ 130ರಲ್ಲಿ ಕಂಬ ಹತ್ತುವವನ ಪಾಲು 58 ರೂಪಾಯಿ 50 ಪೈಸೆ ಆಗಿತ್ತು. ಹತ್ತು ರೂಪಾಯಿಯ ಪೇ ಚಾನೆಲ್ ಆದರೆ ವಿತರಣೆಗೆ ಸಿಗುವ ಎರಡು ರೂಪಾಯಿಯಲ್ಲಿ ಅವನಿಗೆ 90 ಪೈಸೆ. ಮಳೆಗೆ ಆಂಪ್ಲಿಫೈಯರ್ ಸುಟ್ಟರೆ ಖರ್ಚು ಅವನದೇ. ತಕರಾರಿದ್ದರೆ ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಗೆ ಹೋಗಬೇಕು. ಕಂಪನಿಗೆ ಅಲ್ಲಿ ವಕೀಲರಿದ್ದಾರೆ, ನಿಟುವಳ್ಳಿಯವನಿಗೆ ರೈಲು ಟಿಕೆಟ್ಟೇ ಭಾರ.

ಲೆಕ್ಕ ಚೊಕ್ಕವಾಯಿತು, ಅದನ್ನು ಒಪ್ಪುತ್ತೇನೆ. ಸುಳ್ಳು ಸಂಖ್ಯೆ ಹೋಯಿತು, ಸರ್ಕಾರಕ್ಕೆ ತೆರಿಗೆ ಬಂತು. ಅದರ ಜೊತೆಗೇ ಯಜಮಾನಿಕೆಯೂ ಹೋಯಿತು. ಗಿರಾಕಿಯ ಹೆಸರು, ಅವನ ಬಾಕ್ಸ್ ನಂಬರ್, ಆನ್ ಮಾಡುವ ಆಫ್ ಮಾಡುವ ಅಧಿಕಾರ ಎಲ್ಲ ಎಲ್ಲೋ ಇರುವ ಸರ್ವರ್‌ನೊಳಗೆ. ದುರ್ಗಾಂಬಿಕಾ ಜಾತ್ರೆಯನ್ನು ಬೆಳಗಿನ ತನಕ ತೋರಿಸುತ್ತಿದ್ದ, ನಿಧನ ವಾರ್ತೆಯನ್ನು ಪಟ್ಟಿಯಲ್ಲಿ ಓಡಿಸುತ್ತಿದ್ದ ಲೋಕಲ್ ಚಾನೆಲ್‌ಗೂ ಈಗ ಜಾಗ ಕೊಡಬೇಕಾದವರು ಕಂಪನಿಯವರೇ.

2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಈಗ ಟಿವಿಗಿಂತ ಇಂಟರ್‌ನೆಟ್ ಫೈಬರ್‌ನದೇ ಭರಾಟೆ. ಸ್ಮಾರ್ಟ್ ಸಿಟಿಯಾದರೂ ಕಂಬಗಳ ಮೇಲೆ ಕಪ್ಪು ವೈರುಗಳ ಸಿಂಬೆಗಳು ಜೋತಾಡುತ್ತಿವೆ, ಯಾವುದು ಯಾರದೆಂದು ಲೈನ್‌ಮನ್‌ಗೂ ತಿಳಿಯದು. ಮುಂದಿನ ಸಲ ಯಾವುದಾದರೂ ಕಂಪನಿ ರಸ್ತೆ ಅಗೆಯಲು ದಾವಣಗೆರೆ ಪಾಲಿಕೆಗೆ ಇಲ್ಲವೇ ಹರಿಹರ ನಗರಸಭೆಗೆ ಅರ್ಜಿ ಹಾಕಿದಾಗ ನಿಮ್ಮ ವಾರ್ಡಿನ ಸದಸ್ಯರನ್ನು ಒಂದು ಮಾತು ಕೇಳಿ: ಕರಾರಿನ ಪ್ರತಿ ಎಲ್ಲಿದೆ, ಅದರಲ್ಲಿ ಊರಿಗೆ ಏನು ಬರೆದಿದ್ದೀರಿ?