ಶಾಲೆಯ ಬಯಲೂ ಟ್ರ್ಯಾಕ್ಟರಿನ ಗಾಲಿಯೂ

ಅಕ್ಕಲಕೋಟೆ ಸೀಮೆಯ ಎರೆಮಣ್ಣನ್ನು ಬಲ್ಲವರಿಗೆ ನನ್ನ ತಪ್ಪು ಎಷ್ಟರದೆಂಬುದನ್ನು ವಿವರಿಸಬೇಕಾಗಿಲ್ಲ. ಬಲ್ಲವನಾಗಿಯೂ ತಪ್ಪಿದೆನಲ್ಲ, ಅದೇ ಇಲ್ಲಿಯ ವಿಷಯ.

ಕಳೆದ ಶ್ರಾವಣದಲ್ಲಿ ಶಾಲೆಯ ಬಯಲಿನ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ಧ್ವಜವಂದನೆಗೆ ನಾಲ್ಕೇ ದಿನಗಳು ಉಳಿದಿದ್ದವು. ದಾಳಿಂಬೆ ತೋಟದ ಯಜಮಾನರೊಬ್ಬರು, "ಗುರುಗಳ, ಮಕ್ಕಳ ಕೈಯಾಗ ಕುಡಗೋಲು ಯಾಕ? ಹತ್ತು ಮಿನಿಟಿನ ಕೆಲಸ" ಎನ್ನುತ್ತ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಯಂತ್ರವನ್ನು ಕಟ್ಟಿಕೊಂಡು ಬಂದರು. ಹಿಂದಿನ ರಾತ್ರಿ ಮಳೆಯಾಗಿತ್ತು. ನಾನು ಬೇಡವೆನ್ನಲಿಲ್ಲ.

ಹುಲ್ಲೇನೋ ಹೋಯಿತು. ಗಾಲಿಗಳು ಮಾತ್ರ ಗೇಣುದ್ದ ಆಳದ ಹಾದಿಗಳನ್ನು ಕೊರೆದು ಹೋದವು. ಹೊಲದ ಟಾಯರಿನ ಮೇಲೆ ಓರೆಯಾಗಿ ಎದ್ದು ನಿಂತ ದಪ್ಪ ಪಟ್ಟಿಗಳಿರುವುದು ಮಣ್ಣನ್ನು ಕಚ್ಚಿ ಹಿಡಿಯಲೆಂದೇ. ಅವಿಲ್ಲದಿದ್ದರೆ ನೇಗಿಲನ್ನೆಳೆಯುವಾಗ ಗಾಲಿಯು ನಿಂತಲ್ಲೇ ತಿರುಗುವುದು. ಹುಲ್ಲುಬಯಲಿನ ಟಾಯರು ಬೇರೆಯೇ ಜಾತಿಯದು. ಅದು ಅಗಲವಾಗಿದ್ದು, ಅದರ ಗೀರುಗಳು ಆಳವಿಲ್ಲದವು; ಒಳಗಿನ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಭಾರವು ಹರಡಿ ನೆಲದ ಮೇಲೆ ಮೆತ್ತಗೆ ಕೂಡುವುದು. ಹಾಗಿದ್ದರೂ ಹಸಿ ಎರೆಯಲ್ಲಿ ಯಾವ ಗಾಲಿಯನ್ನೂ ಇಳಿಸಬಾರದು.

ಎಂಟು ದಿನಗಳ ಬಿಸಿಲಿಗೆ ಆ ಹಾದಿಗಳು ಕಲ್ಲಾದವು. ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಖೊಖೊ ಆಡುವಾಗ ಅದರಲ್ಲಿ ಕಾಲಿಟ್ಟು ಬಿದ್ದಳು. ಹರಡು ಉಳುಕಿ ಮೂರು ವಾರ ಶಾಲೆಗೆ ಬರಲಿಲ್ಲ. ನೋಡಲು ಹೋದಾಗ, "ನಾನ ನೋಡಲಿಲ್ರಿ ಸರ್" ಎಂದಳು. ಅವಳ ತಾಯಿಯೂ ಹೌದೆಂದು ತಲೆಯಾಡಿಸಿದಳು. ಚಹ ಗಂಟಲಿನಲ್ಲಿ ಇಳಿಯಲಿಲ್ಲ.

ಈ ವರ್ಷ ಪಾಲಕರು ವರ್ಗಣಿ ಕೂಡಿಸಿ, ಯಂತ್ರವನ್ನು ಆರಿಸುವ ಕೆಲಸವನ್ನು ನನಗೇ ಒಪ್ಪಿಸಿದರು. ಅಡ್ಡಲಾಗಿ ಗರಗರನೆ ತಿರುಗುವ ಅಲಗಿನ ಯಂತ್ರವು ಉದ್ದ ಹುಲ್ಲಿಗೂ ಒಗ್ಗುವುದು ನಿಜ; ಆದರೆ ಹರಳು ಸಿಕ್ಕರೆ ಕವಣೆಗಲ್ಲಿನಂತೆ ಎಸೆಯುವುದು. ಮಕ್ಕಳಿರುವೆಡೆಗೆ ಅದು ಬೇಡವೆಂದೆ. ಉರುಳೆಯ ಸುತ್ತ ಅಲಗುಗಳಿದ್ದು ಕತ್ತರಿಯಂತೆ ಕೊಯ್ಯುವ ಕೈಯಂತ್ರವನ್ನು ಆರಿಸಿದೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು 1830ರಲ್ಲಿ ಇದನ್ನು ರಚಿಸಿದನು. ಉಣ್ಣೆಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಗಿರಣಿಯ ಯಂತ್ರವೇ ಅವನಿಗೆ ಮಾದರಿ. ನೇಕಾರರ ಮಕ್ಕಳಿಗೆ ಈ ಸಂಗತಿ ಬಲು ಹಿಡಿಸಿತು. ಉದ್ದ ಹುಲ್ಲಿಗೆ ಇದು ಸೋಲುವುದರಿಂದ ಮೊದಲು ಇಬ್ಬರು ಆಳುಗಳಿಂದ ಕುಡುಗೋಲಿನಲ್ಲಿ ಕೊಯ್ಯಿಸಿದೆವು. ಹಾದಿಗಳಿಗೆ ಗರಸು ತುಂಬಿಸಿದೆವು.

ಆ ಹುಡುಗಿ ಈಗ ಐದನೆಯ ಇಯತ್ತೆಯಲ್ಲಿದ್ದಾಳೆ. ಆಟಕ್ಕೆ ಮೊದಲು ಆ ಜಾಗವನ್ನು ಅಂಗಾಲಿನಿಂದ ಒಮ್ಮೆ ತಡವಿ ನೋಡುತ್ತಾಳೆ.