ಬೆಂಕಿಪುರದ ಪುಟ್ಟ ನ್ಯಾಟ್

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ತುಂಗೆಯ ಊರು ಬಿಟ್ಟ ಬಸ್ಸು ಭದ್ರೆಯ ಊರು ಸೇರುವಷ್ಟರಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಒಂದು ಸಣ್ಣ ನಿದ್ದೆಯೂ ಪೂರೈಸುವುದಿಲ್ಲ. ಬೆಂಗಳೂರು-ಹೊನ್ನಾವರ ರಸ್ತೆ ಎಂಬ ಉದ್ದ ಹೆಸರು ಇಲ್ಲಿಯವರ ಬಾಯಲ್ಲಿ ಬಿ.ಎಚ್. ರೋಡ್ ಆಗಿ ಎಷ್ಟೋ ಕಾಲವಾಯಿತು. ದಾರಿಯಲ್ಲಿ ಮಾಚೇನಹಳ್ಳಿ, ಅಲ್ಲಿನ ಕಾರ್ಖಾನೆಗಳು. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಸೋಗಾನೆಯಲ್ಲಿ ಈಗ ವಿಮಾನ ನಿಲ್ದಾಣ. 2023ರ ಫೆಬ್ರುವರಿ 27ರಂದು ಅದರ ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಂದರೂ ಹತ್ತದೆ ಆಕಾಶ ನೋಡುತ್ತಾ ನಿಂತ ದಿನಗಳವು.

ಭದ್ರಾವತಿಯ ನ್ಯೂ ಟೌನಿನ ಒಂದು ಮನೆಯಲ್ಲಿ, ಕಣ್ಣು ಮಂಜಾದ 82 ವರ್ಷದ ಅಜ್ಜಿಯೊಬ್ಬರು ಆ ಸದ್ದು ಕೇಳಿ ಜಗಲಿಗೆ ಬಂದರು. ತುಸು ಹೊತ್ತು ಕಿವಿಗೊಟ್ಟು, ‘ಇದು ಅದಲ್ಲ’ ಎಂದು ಹೇಳಿ ಒಳಗೆ ಹೋದರು. ಬಂದದ್ದು ಪಂಕ ತಿರುಗಿಸಿಕೊಂಡು ಹಾರುವ ಎಟಿಆರ್ 72. ಅವರ ನೆನಪಿನಲ್ಲಿದ್ದದ್ದು ಸೀಟಿ ಹಾಕಿದಂತೆ ಕೂಗುವ ಒಂದು ಪುಟ್ಟ ಜೆಟ್ಟು. ಗಂಡ ವಾಯುಪಡೆಯಲ್ಲಿದ್ದ 15 ವರ್ಷಗಳಲ್ಲಿ, ಉತ್ತರದ ಯಾವುದೋ ಕ್ವಾರ್ಟರ್ಸಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಹಾದುಹೋಗುತ್ತಿದ್ದ ಸದ್ದು ಅದು.

ಅದನ್ನು ಕೇಳಿಸಿಕೊಂಡ ಕಿರಿಯ ಮಗ ಮಾರನೆಯ ದಿನವೇ ಅಟ್ಟದಿಂದ ಒಂದು ಶಿವನೆ ದಿಮ್ಮಿಯನ್ನು ಕೆಳಗಿಳಿಸಿದರು.

ಅವರ ಕಸುಬಿನ ವಿಷಯ ಇಲ್ಲಿ ಹೇಳಲೇಬೇಕು. ಉಕ್ಕಿನ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮರದ ಅಚ್ಚು ಕೆತ್ತುತ್ತಿದ್ದವರು ಅವರು. ಎರಕ ಹೊಯ್ಯುವ ಮೊದಲು ಯಂತ್ರದ ಭಾಗವನ್ನು ಮರದಲ್ಲಿ ಮಾಡಬೇಕು. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ ತೆಗೆದಾಗ ಉಳಿದ ಕುಳಿಗೆ ಕಾದ ಲೋಹ ಸುರಿಯಬೇಕು. ಲೋಹ ಆರುವಾಗ ಕುಗ್ಗುತ್ತದೆ. ಬೀಡು ಕಬ್ಬಿಣ ನೂರಕ್ಕೆ ಒಂದರಷ್ಟು, ಉಕ್ಕು ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ಮರದ ಅಚ್ಚು ಅಷ್ಟು ದೊಡ್ಡದಾಗಿಯೇ ಇರಬೇಕು. ಇದಕ್ಕಾಗಿ ಪ್ಯಾಟರ್ನ್ ಮೇಕರ್ ಬಳಿ ಬೇರೆ ಅಳತೆಪಟ್ಟಿಯೇ ಇರುತ್ತದೆ. ಕುಗ್ಗುವ ಪ್ರಮಾಣವನ್ನು ಮೊದಲೇ ಸೇರಿಸಿ ಗೀಟು ಹಾಕಿದ ಪಟ್ಟಿ. ಅದರ ಒಂದು ಅಡಿ ನಮ್ಮ ನಿಮ್ಮ ಅಡಿಗಿಂತ ಕೂದಲೆಳೆಯಷ್ಟು ಉದ್ದ. ಜೀವಮಾನವೆಲ್ಲ ಇಂಥ ಪಟ್ಟಿ ಹಿಡಿದ ಕೈಗೆ ಹತ್ತರಲ್ಲಿ ಒಂದರ ವಿಮಾನ ಕೆತ್ತುವುದು ಅಪರಿಚಿತ ಕೆಲಸವೇನಲ್ಲ.

ಭದ್ರಾವತಿಯೇ ಹಾಗೆ, ಬೆಂಕಿ ಮತ್ತು ಮರದ ಊರು. ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನ 1918ರಲ್ಲಿ ಕೈಹಾಕಿದ ಕೆಲಸ 1923ರಲ್ಲಿ ಕಬ್ಬಿಣವಾಗಿ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಕುಲುಮೆಗೆ ಕಲ್ಲಿದ್ದಲಿನ ಬದಲು ಸುತ್ತಲ ಕಾಡಿನ ಮರ ಸುಟ್ಟ ಇದ್ದಿಲು. ವಿಶ್ವೇಶ್ವರಯ್ಯನವರು ನಿಂತು ನಡೆಸಿದ ಕಾರ್ಖಾನೆ ಮುಂದೆ ಅವರ ಹೆಸರನ್ನೇ ಪಡೆಯಿತು. ಆಚೆ ದಡದ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಯಲ್ಲಿ ಕುಳಿತರು. ಆಗಸ್ಟ್‌ನಲ್ಲಿ ಬಾರ್ ಮಿಲ್ಲಿನ ಸದ್ದು ಮತ್ತೆ ಕೇಳಿಸಿತು. ಮೂರು ಪಾಳಿಯ ಸೈರನ್ನಿಗೆ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಊರಿಗೆ ಇಷ್ಟು ಸದ್ದು ಯಾವ ಮೂಲೆಗೆ ಸಾಲಬೇಕು? ಹೊತ್ತು ಕಳೆಯದ ಕೈಗಳು ಈ ಊರಿನಲ್ಲಿ ಬಹಳ ಇವೆ.

ಅಜ್ಜಿ ನೆನೆಸಿಕೊಂಡ ಜೆಟ್ಟಿನ ಹೆಸರು ನ್ಯಾಟ್. ಇಂಗ್ಲಿಷಿನಲ್ಲಿ ಹಾಗೆಂದರೆ ನೊರಜು. ಬ್ರಿಟನ್ನಿನ ಫೋಲೆಂಡ್ ಕಂಪನಿಗಾಗಿ ಪೆಟರ್ ಎಂಬ ವಿನ್ಯಾಸಕಾರ ರೂಪಿಸಿದ ಇದು 1955ರ ಜುಲೈಯಲ್ಲಿ ಮೊದಲು ಹಾರಿತು. ಯುದ್ಧವಿಮಾನಗಳು ದಪ್ಪವಾಗುತ್ತ, ದುಬಾರಿಯಾಗುತ್ತ ಹೋಗುತ್ತಿದ್ದುದನ್ನು ಕಂಡು ರೋಸಿಹೋದ ಮನುಷ್ಯ ಆತ. ಇಡೀ ವಿಮಾನದ ಉದ್ದ 8.74 ಮೀಟರ್; ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್. ಸೋಗಾನೆಗೆ ಬರುವ ಎಟಿಆರ್‌ನ ರೆಕ್ಕೆಯ ಅಗಲ 27 ಮೀಟರ್ ಎಂದರೆ ಹೋಲಿಕೆ ತಿಳಿದೀತು. ಬ್ರಿಟನ್ನಿನ ವಾಯುಪಡೆ ಇದನ್ನು ತರಬೇತಿಗೆ ಮಾತ್ರ ಇಟ್ಟುಕೊಂಡಿತು. ಭಾರತ ಯುದ್ಧಕ್ಕೇ ಕೊಂಡಿತು. 1956ರಲ್ಲಿ ಒಪ್ಪಂದವಾಗಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೇ ತಯಾರಿಸಿತು. ಇದರಲ್ಲಿ ಚಕ್ರದ ಬಾಗಿಲುಗಳೇ ಗಾಳಿಯ ಬ್ರೇಕು. ವೇಗ ತಗ್ಗಿಸಬೇಕೆಂದರೆ ಚಕ್ರವನ್ನು ಅರ್ಧ ಇಳಿಸುವುದು. ಮೈ ನೆಲಕ್ಕೆ ಹತ್ತಿರವಾದ್ದರಿಂದ ಮೆಕ್ಯಾನಿಕ್ಕುಗಳು ಏಣಿ ಇಲ್ಲದೆ, ನೆಲದ ಮೇಲೆ ನಿಂತೇ ಬಹುಪಾಲು ಕೆಲಸ ಮಾಡಬಹುದಿತ್ತು.

ಆ ಮನೆಯ ಹಿರಿಯರು ಹಾಗೆ ನೆಲದ ಮೇಲೆ ನಿಂತವರಲ್ಲಿ ಒಬ್ಬರು. ಪೈಲಟ್ ಅಲ್ಲ, ಆರ್ಮಮೆಂಟ್ ಫಿಟ್ಟರ್. ನ್ಯಾಟ್‌ಗೆ 30 ಮಿಲಿಮೀಟರಿನ ಎರಡು ಏಡನ್ ಗನ್‌ಗಳು, ಗಾಳಿ ಒಳಸೇರುವ ಬಾಯಿಯ ಪಕ್ಕದಲ್ಲಿ ಒಂದೊಂದು. ಅವನ್ನು ಬಿಚ್ಚಿ, ಒರೆಸಿ, ಗುಂಡಿನ ಪಟ್ಟಿ ತುಂಬಿ, ಬಾಗಿಲು ಹಾಕಿ, ಫಾರ್ಮ್ 700 ಎಂಬ ದಾಖಲೆಯಲ್ಲಿ ಸಹಿ ಮಾಡುವುದು ಅವರ ಕೆಲಸ. ಕೆಳಗಿನವರ ಸಹಿಗಳೆಲ್ಲ ಬಿದ್ದ ಮೇಲೆ ಪೈಲಟ್ ಸಹಿ ಹಾಕಿ ವಿಮಾನ ವಹಿಸಿಕೊಳ್ಳುತ್ತಾನೆ. ಬರವಣಿಗೆಯಲ್ಲಿ ಮೊದಲು ಬರುವವರು ಚರಿತ್ರೆಯಲ್ಲಿ ಬರುವುದೇ ಇಲ್ಲ.

1965ರ ಯುದ್ಧದಲ್ಲಿ ನ್ಯಾಟ್ ಹೆಸರು ಮಾಡಿತು. ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಅವರ ಹೆಸರಿಗೆ ಮೊದಲ ಸೇಬರ್ ಜೆಟ್ ಬಿದ್ದ ಲೆಕ್ಕ ಬರೆದದ್ದು ಈ ವಿಮಾನದಿಂದಲೇ. ಹಾಗೆಯೇ ಹಾರಾಟದ ನಡುವೆ ಗನ್ ನಿಂತುಹೋಗುವುದು ನ್ಯಾಟ್‌ನ ಅಂದಿನ ದೊಡ್ಡ ತಲೆನೋವಾಗಿತ್ತು ಎಂಬುದೂ ಅಷ್ಟೇ ನಿಜ. ಅಜ್ಜಿಗೆ ಗಂಡ ಹೇಳಿದ ಯುದ್ಧದ ಕಥೆ ಇದೊಂದೇ. ವಿಮಾನ ಇಳಿಯಿತು, ಗನ್ ಕೆಲವು ಗುಂಡು ಹಾರಿಸಿ ನಿಂತುಬಿಟ್ಟಿತ್ತು, ಪೈಲಟ್ ಇಳಿದು ಬಂದವರು ಏನೂ ಅನ್ನದೆ ಪಕ್ಕದಲ್ಲಿ ನಡೆದುಹೋದರು. ‘ಬೈದಿದ್ದರೆ ಚೆನ್ನಾಗಿತ್ತು ಅಂತಿದ್ರು ಕಣೋ’ ಎಂದು ಅಜ್ಜಿ ಹೇಳುತ್ತಾರೆ. ತಪ್ಪು ಯಂತ್ರದ್ದೋ ಕೈಯದ್ದೋ ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಸೈನ್ಯ ಬಿಟ್ಟು ಊರಿಗೆ ಬಂದು ಕಾರ್ಖಾನೆ ಸೇರಿದ ಮೇಲೂ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರೆ ಮೂರು ಸಲ ಒರೆಸಿ ನೋಡುವವರು.

ಮಾದರಿಯ ಅಳತೆಯೂ ಇದರಿಂದಲೇ ನಿರ್ಧಾರವಾಯಿತು. ಅಂಗಡಿಯ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಹೆಸರಾದ ಅಳತೆ 72ರಲ್ಲಿ ಒಂದು. ಅದು ಅಡಿ-ಅಂಗುಲದ ಲೆಕ್ಕ: ಆರಡಿಗೆ ಒಂದಂಗುಲ. 1930ರ ದಶಕದ ಬ್ರಿಟಿಷ್ ಕಿಟ್‌ಗಳು ಅದನ್ನು ರೂಢಿಗೆ ತಂದವು. 1942ರಲ್ಲಿ ಅಮೆರಿಕದ ನೌಕಾಪಡೆ, ವಿಮಾನಗಳ ಗುರುತು ಕಲಿಸಲು, ಶಾಲೆಯ ಮಕ್ಕಳಿಂದ 5 ಲಕ್ಷ ಮಾದರಿಗಳನ್ನು ಕೇಳಿದ್ದೂ ಇದೇ ಅಳತೆಯಲ್ಲಿ. ಆದರೆ ಹಾಗೆ ಮಾಡಿದರೆ ನ್ಯಾಟ್ 12 ಸೆಂಟಿಮೀಟರ್, ಅದರ ಗನ್ನಿನ ಬಾಯಿ ಸೂಜಿಯ ಮೊನೆ. ಹತ್ತರಲ್ಲಿ ಒಂದಾದರೆ ಆ ಬಾಯಿ 3 ಮಿಲಿಮೀಟರ್. ಬಾಗಿಲು ತೆರೆದು ಒಳಗೆ ತೋರಿಸಬಹುದು. ಆಗ ವಿಮಾನದ ಉದ್ದ 87 ಸೆಂಟಿಮೀಟರ್, ರೆಕ್ಕೆ 67. ಅಂತೂ ಟಿ.ವಿ. ಮೇಲೆ ಇಡುವ ವಸ್ತುವಲ್ಲ ಎಂದು ಮನೆಯಾಕೆ ಮೊದಲೇ ಎಚ್ಚರಿಸಿದರು.

ಇಲ್ಲೊಂದು ಲೆಕ್ಕದ ಚಮತ್ಕಾರವಿದೆ. ಉದ್ದವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದರೆ ಮೈಯ ವಿಸ್ತಾರ ನೂರರಲ್ಲಿ ಒಂದಾಗುತ್ತದೆ, ಗಾತ್ರ ಸಾವಿರದಲ್ಲಿ ಒಂದು. ಬರಿಯ ನ್ಯಾಟ್‌ನ ತೂಕ ಸುಮಾರು 2,200 ಕಿಲೋ, ಮಾದರಿ 2.2 ಕಿಲೋ ತೂಗಬೇಕು. ಶಿವನೆ ಹಗುರ ಮರ, ಮಳೆ ಬಿಸಿಲಿಗೆ ಸುಲಭವಾಗಿ ಸೊಟ್ಟಗಾಗದು. ಮಲೆನಾಡಿನ ಗುಡಿಗಾರರೂ ಅದನ್ನು ಮೆಚ್ಚಿ ಕೆತ್ತುತ್ತಾರೆ. ಆದರೂ ಕೆತ್ತಿ ಮುಗಿಸಿದ ಒಡಲೊಂದೇ ತಕ್ಕಡಿಯಲ್ಲಿ ಮೂರೂವರೆ ಕಿಲೋ ತೂಗಿತು. ಲೋಹದ ವಿಮಾನ ಅದೇ ಗಾತ್ರದ ಮರಕ್ಕಿಂತ ಹಗುರ! ವಿಮಾನವೆಂದರೆ ಬಹುಮಟ್ಟಿಗೆ ಖಾಲಿ ಜಾಗಕ್ಕೆ ಹೊದಿಸಿದ ತೆಳು ತಗಡು ತಾನೆ? ಒಡಲನ್ನು ಉದ್ದಕ್ಕೆ ಸೀಳಿ, ಒಳಗೆ ತೋಡಿ, ಮತ್ತೆ ಅಂಟಿಸಬೇಕಾಯಿತು. ತೋಡಿದ ಹುಡಿ ಒಂದು ಬಕೆಟ್ಟು.

ನಕ್ಷೆ ಪುಸ್ತಕದ್ದು. ಅದು ಸರಿಯೇ ಎಂದು ಪರೀಕ್ಷಿಸಲು ಮನೆಯಲ್ಲಿದ್ದದ್ದು ಒಂದು ಕಪ್ಪು ಬಿಳುಪು ಫೋಟೊ. ವಿಮಾನದ ಬಾಲದ ಪಕ್ಕ ಅಪ್ಪಯ್ಯ ನಿಂತಿದ್ದಾರೆ. ಸರ್ವಿಸ್ ಪುಸ್ತಕದಲ್ಲಿ ಅವರ ಎತ್ತರ ಬರೆದಿದೆ: ಐದಡಿ ಆರಂಗುಲ, ಅಂದರೆ 167 ಸೆಂಟಿಮೀಟರ್. ಫೋಟೊದಲ್ಲಿ ಅವರು 41 ಮಿಲಿಮೀಟರ್, ಬಾಲದ ತುದಿ 60. ತ್ರೈರಾಶಿ ಹಾಕಿದರೆ ವಿಮಾನದ ಎತ್ತರ 2.44 ಮೀಟರ್ ಬರುತ್ತದೆ. ಪುಸ್ತಕ ಹೇಳುವುದು 2.46. ಅಪ್ಪನನ್ನೇ ಅಳತೆಗೋಲು ಮಾಡಿಕೊಂಡ ಮಗ ಆ ಎರಡು ಸೆಂಟಿಮೀಟರನ್ನು ಮನ್ನಿಸಿದರು.

ಉಳಿದ ಸಾಮಾನಿಗೆ ಶಿವಮೊಗ್ಗದ ಗಾಂಧಿ ಬಜಾರ್ ಸಾಕಾಯಿತು. ಗೇಟಿಗೆ ಬಳಿಯುವ ಅಲ್ಯುಮಿನಿಯಂ ಪೇಂಟು, ಚಕ್ರಕ್ಕೆ ನಲ್ಲಿಯ ವಾಷರುಗಳು. ಪೈಲಟ್ ಕೂರುವ ಜಾಗದ ಗಾಜಿನ ಗುಳ್ಳೆಗೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿ: ಮರದ ಅಚ್ಚನ್ನು ಒಳಗೆ ತೂರಿಸಿ ಹೊರಗಿನಿಂದ ಬಿಸಿಗಾಳಿ ಹಾಯಿಸಿದರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿಗೆ ಅಂಟಿ ಕೂರುತ್ತದೆ. ಐದು ಬಾಟಲಿ ಹಾಳಾದವು. ಪಾನೀಯವನ್ನೆಲ್ಲ ಕುಡಿದ ಮೊಮ್ಮಗಳಿಗೆ ಮಾತ್ರ ಅದು ನಷ್ಟವೆನ್ನಿಸಲಿಲ್ಲ.

ತಕರಾರು ಎದ್ದದ್ದು ಶಿವಮೊಗ್ಗದಲ್ಲಿರುವ ಅಣ್ಣನಿಂದ. ಚಕ್ರ ಮಡಚಿದ, ರೆಕ್ಕೆ ವಾಲಿಸಿ ಎರಗುವ ಭಂಗಿ ಬೇಕು. ಮೈಮೇಲೆ ಪದಕ ಗೆದ್ದ ಪೈಲಟ್ಟಿನ ವಿಮಾನದ ಸಂಖ್ಯೆ ಬರೆಯಬೇಕು. ನೋಡಿದವರು ಹೆಮ್ಮೆಪಡಬೇಕು ಎಂಬುದು ಅವರ ವಾದ. ‘ಅಪ್ಪಯ್ಯ ಯುದ್ಧ ಮಾಡಿದ್ದು ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ್ವೇನೋ?’ ತಮ್ಮ ಇಟ್ಟದ್ದು ನೆಲದ ಮೇಲೆ ನಿಂತ, ಗನ್ನಿನ ಬಾಗಿಲು ತೆರೆದ ವಿಮಾನ. ಫೋಟೊದಲ್ಲಿ ಅದರ ಸಂಖ್ಯೆಯ ಕೊನೆಯ ಅಂಕೆಗಳನ್ನು ಅಪ್ಪಯ್ಯನ ಹೆಗಲೇ ಮರೆಮಾಡಿದೆ. ಆದ್ದರಿಂದ ಅಲ್ಲಿ ಸಂಖ್ಯೆಯೇ ಇಲ್ಲ. ‘ರಿಪೇರಿಗೆ ಬಂದ ಹಾಗಿದೆ’ ಎಂದು ಅಣ್ಣ ಮುನಿಸಿಕೊಂಡು, ಕಾಫಿ ಕುಡಿಯದೆ ಬಸ್ಸು ಹತ್ತಿದರು.

ಅಣ್ಣನ ಮಾತು ತೆಗೆದುಹಾಕುವಂಥದ್ದಲ್ಲ. ಹೇಳುವವರಿಲ್ಲದಿದ್ದರೆ ಪೈಲಟ್ಟುಗಳ ಕಥೆಯೂ ಹೂತುಹೋಗುತ್ತದೆ. ಕೊಡಗಿನ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲೆ ಹಳೆಯ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿ ಮಡಿದರು. ಅಂದು ಇತ್ತ ಯಾರಿಗೂ ಅದು ತಿಳಿಯಲಿಲ್ಲ. ಮುಂದೆ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕದಿಂದ ಸುಳಿವು ಸಿಕ್ಕಿ, ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಪೈಲಟ್ಟಿನ ಗತಿಯೇ ಹೀಗಾದರೆ ಗನ್ ಒರೆಸಿದವರ ಪಾಡೇನು?

ತೀರ್ಪು ಕೊಟ್ಟವರು ಅಜ್ಜಿ. ಅಣ್ಣ ಎರಡು ವಾರ ಬಿಟ್ಟು ಮತ್ತೆ ಬಂದ ಭಾನುವಾರ, ಮಾದರಿಯನ್ನು ಅವರ ಮುಂದೆ ಮಣೆಯ ಮೇಲೆ ಇಟ್ಟರು. ಕಣ್ಣಿಗೆ ಬೆಳ್ಳಿ ಬಣ್ಣದ ಮಬ್ಬು ಮಾತ್ರ ಕಾಣುತ್ತಿತ್ತು. ಅವರು ಕೈಯಾಡಿಸಿದರು, ಮೂತಿ, ಗುಳ್ಳೆ, ರೆಕ್ಕೆ. ‘ಅವರು ಎಲ್ಲಿ ನಿಲ್ತಿದ್ರು?’ ಎಂದು ಕೇಳಿದರು. ಮಗ ಅವರ ಬೆರಳು ಹಿಡಿದು, ತೆರೆದ ಬಾಗಿಲಿನ ಕೆಳಗೆ ಹಲಗೆಯ ಮೇಲೆ ಇಟ್ಟರು. ಅಜ್ಜಿ ಬಹಳ ಹೊತ್ತು ಅಲ್ಲಿಂದ ಬೆರಳು ತೆಗೆಯಲಿಲ್ಲ. ಅಣ್ಣ ಆ ದಿನ ಕಾಫಿ ಕುಡಿದರು, ಊಟವನ್ನೂ ಮಾಡಿಯೇ ಹೋದರು.

ಆ ಜಾಗದಲ್ಲಿ 16.7 ಸೆಂಟಿಮೀಟರಿನ ಒಂದು ಆಳು ನಿಲ್ಲಬೇಕಿತ್ತು. ಎರಡು ಕೆತ್ತಿದರು, ಎರಡೂ ಗೊಂಬೆಯಾದವು, ಅಪ್ಪಯ್ಯನಾಗಲಿಲ್ಲ. ಎರಡನ್ನೂ ಒಲೆಗೆ ಹಾಕಿ, ರೆಕ್ಕೆಯ ಮೇಲೆ ಒಂದು ಪುಟ್ಟ ಫಾರ್ಮ್ 700 ತೆರೆದಿಟ್ಟರು. ಅದರಲ್ಲಿ ಬೇಕಾದ ಸಹಿ ಪಿಂಚಣಿ ಕಾಗದದಲ್ಲಿ ಸಿಕ್ಕಿತು. ಹತ್ತರಲ್ಲಿ ಒಂದಕ್ಕೆ ಇಳಿಸಬೇಕು. ಜೆರಾಕ್ಸ್ ಯಂತ್ರ ಒಂದೇ ಸಲಕ್ಕೆ ಅಷ್ಟು ಇಳಿಸುವುದಿಲ್ಲ. ಬಸ್ ನಿಲ್ದಾಣದ ಬಳಿಯ ಅಂಗಡಿಯ ಹುಡುಗ ಪ್ರತಿಯ ಪ್ರತಿ, ಅದರ ಪ್ರತಿ ತೆಗೆದು ಕೊಟ್ಟು ಮೂರು ಹಾಳೆಗೆ ಆರು ರೂಪಾಯಿ ಕೇಳಿದ. ಕೊನೆಯ ಹಾಳೆಯ ಮೂಲೆಯಲ್ಲಿ ನಾಲ್ಕು ಮಿಲಿಮೀಟರಿನ ಸಹಿಯಿತ್ತು. ಭೂತಗನ್ನಡಿ ಹಿಡಿದರೆ ಕೊನೆಯ ಅಕ್ಷರದ ಕೆಳಗೆ ಎಳೆದ ಗೆರೆಯೂ ಕಾಣುತ್ತದೆ.